ಸರ್ ರೊನಾಲ್ಡ್ ರಾಸ್: ಚಳಿಜ್ವರದ ನೆಲೆಯನ್ನು ಹುಡುಕಿದವರು

ರೋಗಿಯನ್ನು ನೋಡಿ ಔಷಧ ಕೊಡುವದು ವೈದ್ಯನ ಕೆಲಸವೆಂಬದು ಎಲ್ಲರಿಗೂ ತಿಳಿದದ್ದೇ. ಆದರೆ ರೋಗವು ಯಾವ ನೆಲದಲ್ಲಿ, ಯಾವ ನೀರಿನ ಬಳಿಯಲ್ಲಿ ಹುಟ್ಟುತ್ತದೆಂದು ವಿಚಾರಿಸುವ ವಿದ್ಯೆಯೊಂದುಂಟು. ಅದರಲ್ಲಿ ಭೂಗೋಳಶಾಸ್ತ್ರವೂ ವೈದ್ಯಶಾಸ್ತ್ರವೂ ಕೂಡಿಕೊಂಡಿವೆ. 1854ರಲ್ಲಿ ಲಂಡನಿನ ಜಾನ್ ಸ್ನೋ ಎಂಬ ವೈದ್ಯರು ವಾಂತಿಭೇದಿಯಿಂದ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವುಗಳಲ್ಲಿ ಬಹಳಷ್ಟು ಒಂದೇ ನೀರಿನ ಪಂಪಿನ ಸುತ್ತಲಿರುವದನ್ನು ತೋರಿಸಿದರು. ಹಾಗೆಯೇ ಚಳಿಜ್ವರದ ನೆಲೆಯನ್ನು ಹುಡುಕಿದವರು ರೊನಾಲ್ಡ್ ರಾಸ್.

ಇವರು 1857ನೇ ಮೇ 13ರಂದು ಹಿಮಾಲಯದ ಆಲ್ಮೋರದಲ್ಲಿ ಸೇನಾಧಿಕಾರಿಯೊಬ್ಬರ ಮಗನಾಗಿ ಜನಿಸಿದರು. ಎಂಟು ವರುಷದವರಾಗಿದ್ದಾಗ ಇಂಗ್ಲಂಡಿಗೆ ಕಳುಹಿಸಲ್ಪಟ್ಟರು. ಬಾಲಕನ ಮನಸ್ಸು ಕಾವ್ಯದ ಕಡೆಗೂ ಚಿತ್ರಕಲೆಯ ಕಡೆಗೂ ಇತ್ತು. ಆದರೂ ತಂದೆಯ ಇಚ್ಛೆಯಂತೆ ವೈದ್ಯವನ್ನು ಕಲಿತು, 1881ರಲ್ಲಿ ಸರಕಾರದ ವೈದ್ಯರಾಗಿ ಹಿಂದೂದೇಶಕ್ಕೆ ಬಂದರು.

1883ರಲ್ಲಿ ಇವರು ಬೆಂಗಳೂರಿನ ದಂಡಿನಲ್ಲಿ ವಾಸವಾಗಿದ್ದರು. ಬೇರೆ ಕೋಣೆಗಳಿಗಿಂತ ತನ್ನ ಕೋಣೆಯಲ್ಲಿ ಸೊಳ್ಳೆಗಳು ಹೆಚ್ಚಾಗಿರುವದೇಕೆಂದು ನೋಡಲು, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಗಳು ಕಂಡುಬಂದವು. ತೊಟ್ಟಿಯನ್ನು ಬೋರಲು ಹಾಕಿದರು, ಸೊಳ್ಳೆಗಳು ಕಡಿಮೆಯಾದವು. ಇತರ ಪಾತ್ರೆಗಳನ್ನೂ ಹೀಗೆಯೇ ಬರಿದು ಮಾಡಬೇಕೆಂದು ಮೇಲಿನ ಅಧಿಕಾರಿಯನ್ನು ಕೇಳಿಕೊಂಡಾಗ, ಸೃಷ್ಟಿಕ್ರಮವನ್ನು ಕೆಡಿಸಬಾರದೆಂದು ಆತನು ಒಪ್ಪಲಿಲ್ಲ.

ಆ ಕಾಲದಲ್ಲಿ ಚಳಿಜ್ವರವು ಜೌಗುನೆಲದ ಕೆಟ್ಟ ಗಾಳಿಯಿಂದ ಬರುತ್ತದೆಂದು ಜನರು ನಂಬಿದ್ದರು. ಮಲೇರಿಯ ಎಂಬ ಹೆಸರಿಗೂ ಅದೇ ಅರ್ಥ. 1880ರಲ್ಲಿ ಲಾವರಾನ್ ಎಂಬ ಫ್ರೆಂಚ್ ವೈದ್ಯರು ರೋಗಿಯ ರಕ್ತದಲ್ಲಿ ಅದರ ಸೂಕ್ಷ್ಮಜೀವಿಯನ್ನು ಕಂಡಿದ್ದರು. ಆದರೆ ಅದು ಮನುಷ್ಯನ ಶರೀರವನ್ನು ಸೇರುವದು ಹೇಗೆ? ಇದಕ್ಕೂ ಸೊಳ್ಳೆಗೂ ಸಂಬಂಧವಿರಬೇಕೆಂದು ಲಂಡನಿನ ಪ್ಯಾಟ್ರಿಕ್ ಮ್ಯಾನ್ಸನರು 1894ರಲ್ಲಿ ರಾಸರಿಗೆ ತಿಳಿಸಿದರು.

1895ರಲ್ಲಿ ರಾಸರು ಸಿಕಂದರಾಬಾದಿನಲ್ಲಿ ಶೋಧನೆಯನ್ನಾರಂಭಿಸಿದರು. ಅದೇ ವರುಷ ಬೆಂಗಳೂರಿನಲ್ಲಿ ವಾಂತಿಭೇದಿಯು ಹರಡಲು, ಅಲ್ಲಿಯ ನೈರ್ಮಲ್ಯದ ಕೆಲಸಕ್ಕೆ ನೇಮಿಸಲ್ಪಟ್ಟದ್ದರಿಂದ ಶೋಧನೆಗೆ ಅಡ್ಡಿಯಾಯಿತು. ಇದಲ್ಲದೆ ಅವರು ಪರೀಕ್ಷಿಸುತ್ತಿದ್ದ ಸೊಳ್ಳೆಗಳು ಬೇರೆ ಜಾತಿಯವು. ಗಡಿಗೆ, ತೊಟ್ಟಿಗಳಲ್ಲಿ ಹುಟ್ಟುವ ಆ ಸೊಳ್ಳೆಗಳನ್ನು ಎಷ್ಟು ಸೀಳಿ ನೋಡಿದರೂ ಏನೂ ಸಿಕ್ಕಲಿಲ್ಲ. ಎರಡು ವರುಷಗಳ ಶ್ರಮವು ವ್ಯರ್ಥವಾದಂತೆ ತೋರಿತು.

1897ರಲ್ಲಿ ಪುನಃ ಸಿಕಂದರಾಬಾದಿಗೆ ಬಂದರು. ಆಗ ಯಾದಗಿರಿ, ಶಹಾಪುರ, ಸುರಪುರಗಳೂ ಅದೇ ನಿಜಾಮನ ಸೀಮೆಗೆ ಸೇರಿದ್ದವು. ಈ ಸಾರಿ ರೆಕ್ಕೆಯಲ್ಲಿ ಚುಕ್ಕೆಗಳುಳ್ಳ ಕೆಲವು ಸೊಳ್ಳೆಗಳು ದೊರೆತವು. ಹುಸೇನ್ ಖಾನ್ ಎಂಬ ರೋಗಿಯು, ಕಚ್ಚಿದ ಒಂದೊಂದು ಸೊಳ್ಳೆಗೆ ಒಂದಾಣೆಯಂತೆ ಪಡೆದು, ತನ್ನನ್ನು ಕಚ್ಚಿಸಿಕೊಂಡನು. ಸೆಕೆಯು ಬಹಳವಾಗಿದ್ದರೂ, ಸೊಳ್ಳೆಗಳು ಹಾರಿಹೋದಾವೆಂದು ಪಂಖವನ್ನು ಬೀಸಿಸುವಂತಿರಲಿಲ್ಲ. ಬೆವರಿನಿಂದ ಸೂಕ್ಷ್ಮದರ್ಶಕವು ತುಕ್ಕು ಹಿಡಿದಿತ್ತು. ಆಗಸ್ಟ್ 20ರಂದು, ಉಳಿದಿದ್ದ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ದುಂಡಗಿನ ಕಣಗಳನ್ನು ಕಂಡರು. ಅವುಗಳೊಳಗೆ ಚಳಿಜ್ವರದ ಜೀವಿಗಿರುವಂಥ ಕಪ್ಪು ಕಣಗಳೇ ಇದ್ದವು.

ಮರು ವರುಷ ಕಲಕತ್ತೆಯಲ್ಲಿ ಹಕ್ಕಿಗಳ ಮಲೇರಿಯವನ್ನು ಪರೀಕ್ಷಿಸಿ, ಆ ಜೀವಿಯು ಸೊಳ್ಳೆಯ ಜೊಲ್ಲಿನ ಮೂಲಕ ಹರಡುವದೆಂದು ತೋರಿಸಿದರು. ಮನುಷ್ಯರ ವಿಷಯದಲ್ಲಿ ಇದನ್ನು ಪೂರ್ಣವಾಗಿ ತೋರಿಸಿದವರು ಇಟಲಿಯ ಗ್ರಾಸ್ಸಿ ಮೊದಲಾದವರು. ಈ ಕೀರ್ತಿಯ ನಿಮಿತ್ತ ರಾಸರು ಅವರೊಂದಿಗೆ ಬಹುಕಾಲ ಕಲಹ ಮಾಡಿದ್ದು ವ್ಯಸನಕರವೇ. 1902ರಲ್ಲಿ ರಾಸರಿಗೆ ನೊಬೆಲ್ ಬಹುಮಾನವು ದೊರೆಯಿತು.

ಚುಕ್ಕೆರೆಕ್ಕೆಯ ಸೊಳ್ಳೆಯು ಹೆಚ್ಚಾಗಿ ನೆಲದ ಮೇಲೆ ನಿಂತ ನೀರಿನಲ್ಲಿ ಹುಟ್ಟುವದೆಂದು ತಿಳಿದ ಮೇಲೆ, ರಾಸರು ಆಸ್ಪತ್ರೆಯನ್ನು ಬಿಟ್ಟು ಊರುಗಳನ್ನೇ ಪರೀಕ್ಷಿಸತೊಡಗಿದರು. 1899ರಲ್ಲಿ ಆಫ್ರಿಕದ ಫ್ರೀಟೌನಿನಲ್ಲಿ ಗುಂಡಿಗುಂಡಿಯನ್ನೂ ಹುಡುಕಿದರು. 1902ರಲ್ಲಿ ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಕ್ಕೆ ಹೋಗಿ ಉಪಾಯವನ್ನು ತಿಳಿಸಿದರು. ನಿಂತ ನೀರನ್ನು ತೆಗೆದದ್ದರಿಂದ ಕೆಲವೇ ವರುಷಗಳಲ್ಲಿ ಅಲ್ಲಿ ಚಳಿಜ್ವರವು ಬಹುಮಟ್ಟಿಗೆ ಅಡಗಿತು. 1932ನೇ ಸಪ್ಟೆಂಬರ್ 16ರಂದು ಲಂಡನಿನಲ್ಲಿ ಅವರು ತೀರಿಕೊಂಡರು.

ಪ್ರಿಯ ವಾಚಕರೇ, ನಮ್ಮ ಕಡೆಯಲ್ಲಿ ಭೀಮೆಯೂ ಕೃಷ್ಣೆಯೂ ಹರಿಯುತ್ತವೆ. ನಾರಾಯಣಪುರದ ಕಾಲುವೆಯು ಸುರಪುರ, ಶಹಾಪುರಗಳ ಹೊಲಗಳಿಗೆ ನೀರುಣಿಸುತ್ತದೆ. ನೀರು ಬೆಳೆಯನ್ನು ಕೊಡುವದು. ನಿಂತ ನೀರು ಜ್ವರವನ್ನೂ ತಂದೀತು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಅಥವಾ ತುಸು ಹೆಚ್ಚು ದಿವಸ ಬೇಕು. ಆದದರಿಂದ ವಾರಕ್ಕೊಮ್ಮೆ ಮನೆಯ ಸುತ್ತಲೂ ನಡೆದು ನೋಡಿರಿ; ತೊಟ್ಟಿಯನ್ನು ಬರಿದು ಮಾಡಿರಿ, ಗುಂಡಿಯನ್ನು ಮುಚ್ಚಿರಿ. ಚಳಿಯೊಡನೆ ಜ್ವರ ಬಂದರೆ ತಡಮಾಡದೆ ಸರಕಾರಿ ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷೆ ಮಾಡಿಸಿರಿ. ಬೆಂಗಳೂರಿನ ಆ ತೊಟ್ಟಿಯನ್ನು ಬೋರಲು ಹಾಕಲು ರಾಸರಿಗೆ ಯಾವ ಯಂತ್ರವೂ ಬೇಕಾಗಲಿಲ್ಲ, ನಮಗೂ ಬೇಕಾಗದು.