ದಾಸರ ಪದಗಳನ್ನು ಅಚ್ಚು ಹಾಕಿಸಿದ ಪಾದ್ರಿ

ನಮ್ಮ ಶಾಲೆಯಲ್ಲಿ ಓದಿದವರಿಗೆಲ್ಲ ಪುರಂದರದಾಸರ, ಕನಕದಾಸರ ಪದಗಳು ಗೊತ್ತು. ಹಾಡಿದ್ದೇವೆ, ಪರೀಕ್ಷೆಗೂ ಬರೆದಿದ್ದೇವೆ. ಅವನ್ನು ಮೊದಲಿಗೆ ಸಂಗ್ರಹಿಸಿ ಅಚ್ಚು ಹಾಕಿಸಿದವರು ಒಬ್ಬ ಜರ್ಮನ್ ಪಾದ್ರಿ, ಹರ್ಮನ್ ಮೋಗ್ಲಿಂಗ್.

1811ರಲ್ಲಿ ಹುಟ್ಟಿದ ಇವರು 1836ರಲ್ಲಿ ಬಾಸೆಲ್ ಮಿಷನ್ ಪರವಾಗಿ ಮಂಗಳೂರಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕನ್ನಡ ಕಲಿತು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಆಮೇಲೆ ಹಳೆಯ ಕಾವ್ಯಗಳ ಹಿಂದೆ ಬಿದ್ದರು. ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಹಣ ಕೊಟ್ಟರು. ಜೈಮಿನಿ ಭಾರತ, ಬಸವಪುರಾಣಗಳು ಕಲ್ಲಚ್ಚಿನಲ್ಲಿ ಬಂದವು. 1850ರಲ್ಲಿ 'ದಾಸರ ಪದಗಳು' ಬಂತು.

ಇದು ಸುಲಭದ ಕೆಲಸವಲ್ಲ. ಒಂದೇ ಪದವನ್ನು ನಮ್ಮೂರ ಭಜನೆಯವರು ಒಂದು ರೀತಿ, ಪಕ್ಕದೂರಿನವರು ಇನ್ನೊಂದು ರೀತಿ ಹಾಡುವುದನ್ನು ನಾವೇ ಕೇಳಿದ್ದೇವೆ. ಕಂಪ್ಯೂಟರಿನಲ್ಲಿ ಒಂದೇ ಕಡತದ ಎರಡು ಪ್ರತಿಗಳನ್ನು ಹೋಲಿಸುವುದಕ್ಕೇ ನಾನು ಒದ್ದಾಡುತ್ತೇನೆ. ಪುಸ್ತಕ ಬಂದ ಮೇಲೆ ಮುಂದಿನವರಿಗೆ ಇಟ್ಟು ನೋಡಲು ಒಂದು ಪಾಠವಾದರೂ ಸಿಕ್ಕಿತು. ಧಾಟಿ ಮಾತ್ರ ಹಾಡುವವರ ಗಂಟಲಲ್ಲೇ ಉಳಿಯಿತು. ಹರಿಯ ಭಕ್ತಿಯ ಹಾಡುಗಳನ್ನು ಯೇಸುವಿನ ಭಕ್ತರೊಬ್ಬರು ಕಾಪಾಡಿದ್ದು ನನಗೆ ಇಂದಿಗೂ ಬೆರಗು.

1853ರಲ್ಲಿ ಪಿರಿಯಾಪಟ್ಟಣದ ಆಚೆಗಿನ ಕೊಡಗಿಗೆ ಹೋದರು, ಅಲ್ಲಿ ಆನಂದಪುರ ಎಂಬ ಊರು ಕಟ್ಟಿದರು. ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಜರ್ಮನಿಗೆ ಮರಳಿ ಕೆಲವು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು, ಕಿಟೆಲ್ ಅವರ ನಿಘಂಟಿಗೆ ಬೆಂಬಲವಾಗಿ ನಿಂತರು. ಆ ನಿಘಂಟು ಅಚ್ಚಾದದ್ದು 1894ರಲ್ಲಿ. ಮೋಗ್ಲಿಂಗ್ 1881ರಲ್ಲೇ ತೀರಿಕೊಂಡಿದ್ದರು.