ಮಂಚದ ಸ್ಪ್ರಿಂಗ್‌ನಿಂದ ಹುಟ್ಟಿದ ಕಸರತ್ತು

ಪರೀಕ್ಷೆಗೆ ಓದುತ್ತಾ ದಿನಕ್ಕೆ ಹತ್ತು ತಾಸು ಕುರ್ಚಿಯಲ್ಲಿ ಕೂತು ಕೂತು ನನ್ನ ಸೊಂಟ ಹಿಡಿದುಕೊಂಡಿತ್ತು. ರೂಮ್‌ಮೇಟ್ ತಾನು ಹೋಗುವ ರಿಫಾರ್ಮರ್ ಪಿಲಾಟೆಸ್ ಕ್ಲಾಸಿಗೆ ಕರೆದಳು. ಜೊತೆಗೆ ಕೊಳ್ಳಬೇಕಾದ ಸಾಮಾನಿನ ಪಟ್ಟಿಯನ್ನೂ ಕಳಿಸಿದಳು: ಗ್ರಿಪ್ ಸಾಕ್ಸ್, ಲೆಗ್ಗಿಂಗ್ಸ್, ಮ್ಯಾಟ್, ರಿಂಗ್, ರಬ್ಬರ್ ಬ್ಯಾಂಡ್. ಮೊತ್ತ ನೋಡಿದರೆ ನನ್ನ ಒಂದು ತಿಂಗಳ ಮೆಸ್ ಬಿಲ್ಲಿಗಿಂತ ಹೆಚ್ಚು! ದುಡ್ಡು ಕಟ್ಟುವ ಮೊದಲು ಈ ಪಿಲಾಟೆಸ್ ಅಂದರೆ ಏನೆಂದು ಹುಡುಕಿದೆ. ಅದು ಒಬ್ಬ ಮನುಷ್ಯನ ಹೆಸರು ಎಂದು ಗೊತ್ತಾಗಿದ್ದೇ ಆಗ.

ಜೋಸೆಫ್ ಪಿಲಾಟೆಸ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯಲ್ಲಿ. ಚಿಕ್ಕಂದಿನಲ್ಲಿ ಆಸ್ತಮಾ, ಮೂಳೆ ಬಾಗಿಸುವ ರಿಕೆಟ್ಸ್ ಎಲ್ಲವೂ ಕಾಡಿದ ಹುಡುಗ. ದೇಹ ಗಟ್ಟಿ ಮಾಡಿಕೊಳ್ಳಲೇಬೇಕೆಂದು ಹಟ ತೊಟ್ಟು ಜಿಮ್ನಾಸ್ಟಿಕ್ಸ್, ಬಾಕ್ಸಿಂಗ್ ಕಲಿತ. ಮೊದಲ ಮಹಾಯುದ್ಧಕ್ಕೂ ಮುಂಚೆ ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಹೋದ.

1914ರಲ್ಲಿ ಯುದ್ಧ ಶುರುವಾಯಿತು. ಜರ್ಮನಿಯವನೆಂಬ ಒಂದೇ ಕಾರಣಕ್ಕೆ ಅವನನ್ನು ಬಂಧಿಸಿದರು. ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ 20 ಸಾವಿರಕ್ಕೂ ಹೆಚ್ಚು ಜನರ ನಡುವೆ ಅವನ ವರ್ಷಗಳು ಕಳೆದವು. ಅಲ್ಲಿ ಜೊತೆಯವರಿಗೆ ವ್ಯಾಯಾಮ ಹೇಳಿಕೊಟ್ಟ. ಹಾಸಿಗೆ ಹಿಡಿದವರಿಗಾಗಿ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ, ಮಲಗಿದಲ್ಲೇ ಕೈಕಾಲು ಎಳೆಯುವಂತೆ ಮಾಡಿದ ಎಂಬ ಕಥೆ ಈಗಲೂ ಪ್ರಚಲಿತ. ಕಥೆಯಲ್ಲಿ ಉಪ್ಪುಖಾರ ಎಷ್ಟಿದೆಯೋ, ಆದರೆ ಇಂದಿನ ರಿಫಾರ್ಮರ್ ನೋಡಿದರೆ ನಂಬಬೇಕೆನಿಸುತ್ತದೆ. ಅದೂ ಒಂದು ಮಂಚದಂತೆಯೇ ಇದೆ. ಒಳಗೆ ಗಾಲಿಗಳ ಮೇಲೆ ಜಾರುವ ಹಲಗೆ, ಅದನ್ನು ಹಿಡಿದೆಳೆಯುವ ಸ್ಪ್ರಿಂಗ್‌ಗಳು, ಕಾಲಿಡಲು ಒಂದು ಕಂಬಿ.

1926ರಲ್ಲಿ ಅವನು ಅಮೆರಿಕಕ್ಕೆ ಹಡಗು ಹತ್ತಿದ. ಆ ಪಯಣದಲ್ಲೇ ಕ್ಲಾರಾ ಪರಿಚಯವಾದಳು. ಇಬ್ಬರೂ ನ್ಯೂಯಾರ್ಕಿನ ಎಂಟನೇ ಅವೆನ್ಯೂದಲ್ಲಿ ಸ್ಟುಡಿಯೊ ತೆರೆದರು. ಪೆಟ್ಟು ಮಾಡಿಕೊಂಡ ನೃತ್ಯಪಟುಗಳು ಅಲ್ಲಿಗೆ ಬರತೊಡಗಿದರು. ಬ್ಯಾಲೆಯ ಜಾರ್ಜ್ ಬ್ಯಾಲಂಚೀನ್, ಮಾರ್ಥಾ ಗ್ರಹಾಂ ಅಂಥವರಿಗೂ ಅವನ ನಂಟಿತ್ತು. ತನ್ನ ಪದ್ಧತಿಗೆ ಅವನಿಟ್ಟ ಹೆಸರು ಕಂಟ್ರಾಲಜಿ. 1945ರ ಅವನ ಪುಸ್ತಕದಲ್ಲಿ 34 ವ್ಯಾಯಾಮಗಳಿವೆ. ಎಲ್ಲವೂ ನೆಲದ ಮೇಲೆ ಮಾಡುವಂಥವು, ಯಂತ್ರವೇ ಬೇಡ. ಇದನ್ನು ಓದಿದಾಗ ನನಗೆ ನಗು ಬಂತು. ಯಂತ್ರ ಕಂಡುಹಿಡಿದವನೇ ಹೀಗೆ ಬರೆದಿದ್ದಾನೆ, ನಾನು ರಿಂಗ್‌ಗೆ ದುಡ್ಡು ಹೊಂಚುತ್ತಿದ್ದೇನೆ! ಹಳೆಯ ಫೋಟೊಗಳಲ್ಲಂತೂ ಅವನ ಮೈಮೇಲಿರುವುದು ಒಂದು ಚಡ್ಡಿ ಮಾತ್ರ.

ತನ್ನ ಪದ್ಧತಿಯನ್ನು ವೈದ್ಯಲೋಕ ಒಪ್ಪಬೇಕೆಂಬುದು ಅವನ ದೊಡ್ಡ ಆಸೆಯಾಗಿತ್ತು. ಬದುಕಿರುವಾಗ ಅದು ಕೈಗೂಡಲಿಲ್ಲ. 1967ರಲ್ಲಿ, 83ರ ವಯಸ್ಸಿನಲ್ಲಿ ತೀರಿಕೊಂಡ. ಕ್ಲಾರಾ ಕೆಲಸ ಮುಂದುವರಿಸಿದಳು. ಅವನ ಹೆಸರಿಗಾಗಿ ಮುಂದೆ ನ್ಯಾಯಾಲಯದಲ್ಲಿ ಜಗಳವೂ ನಡೆಯಿತು. ಪಿಲಾಟೆಸ್ ಎಂಬುದು ಯೋಗ, ಕರಾಟೆಯಂತೆ ಸಾಮಾನ್ಯ ಪದ, ಯಾರೊಬ್ಬರ ಸ್ವತ್ತೂ ಅಲ್ಲ ಎಂದು 2000ದಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಹಾಗಾಗಿಯೇ ಇಂದು ಯಾವ ಸಾಮಾನಿಗೆ ಬೇಕಾದರೂ ಆ ಹೆಸರು ಅಂಟಿಸಬಹುದು.

ಕೊನೆಗೆ ನಾನು ಕೊಂಡಿದ್ದು ಒಂದು ಜೊತೆ ಗ್ರಿಪ್ ಸಾಕ್ಸ್ ಮಾತ್ರ. ಕಂಬಿಯ ಮೇಲೆ ಪಾದ ಜಾರಿದರೆ ಹಲಗೆ ರಪ್ಪನೆ ಹಿಂದಕ್ಕೆ ಬಂದು ಬಡಿಯುತ್ತದೆ, ಅದಕ್ಕೇ ಅದು ಬೇಕು. ಸಡಿಲ ಬಟ್ಟೆ ಸ್ಪ್ರಿಂಗ್‌ಗೆ ಸಿಕ್ಕಿಕೊಳ್ಳಬಹುದೆಂದು ಮೈಗೊಪ್ಪುವ ಹಳೆಯ ಟ್ರ್ಯಾಕ್ ಪ್ಯಾಂಟ್, ಜಿಪ್ ಇಲ್ಲದ್ದು. ಬೆವರಿಗೆ ಟವೆಲ್, ಮನೆಯದೇ ನೀರಿನ ಬಾಟಲಿ. ಯಂತ್ರ ಸ್ಟುಡಿಯೊದಲ್ಲೇ ಇದ್ದುದರಿಂದ ಮ್ಯಾಟ್ ಬೇಕಾಗಲಿಲ್ಲ. ಸೊಂಟನೋವಿದೆ ಎಂದು ಟೀಚರ್‌ಗೆ ಮೊದಲೇ ಹೇಳಿದ್ದೆ.

ಮೊದಲ ದಿನ ಟೀಚರ್ ಒಂದು ಸ್ಪ್ರಿಂಗ್ ಬಿಚ್ಚಿದಾಗ ಇನ್ನು ಸುಲಭವೆಂದುಕೊಂಡೆ. ಹಿಡಿತ ಕಡಿಮೆಯಾದ ಹಲಗೆ ಅಲ್ಲಾಡಿತು, ಅದನ್ನು ನಿಲ್ಲಿಸಲು ಹೋಗಿ ನನ್ನ ಹೊಟ್ಟೆ, ತೊಡೆ ಎರಡೂ ಥರಥರ ನಡುಗಿದವು.