ಗಂಟಲಿನ ಚೀಲಕ್ಕೆ ಈ ವೈದ್ಯರ ಹೆಸರೇಕೆ? ಹಿರಿಯರಿಗೆ ನುಂಗಲು ಕಷ್ಟವಾದರೆ ಅದು ಬರೀ ವಯಸ್ಸಲ್ಲ

ಊಟ ಮುಗಿಸಿ ಎರಡು ಗಂಟೆಯಾದ ಮೇಲೆ ಅರಗದ ಅನ್ನದ ಅಗುಳು ಬಾಯಿಗೆ ವಾಪಸ್ ಬರುತ್ತದೆ. ನೀರು ನುಂಗಿದರೆ ಕತ್ತಿನಲ್ಲಿ ಗುಳುಗುಳು ಸದ್ದು. ಎಷ್ಟು ಹಲ್ಲುಜ್ಜಿದರೂ ಬಾಯಿ ವಾಸನೆ ಹೋಗುವುದಿಲ್ಲ. ಮನೆಯ ಹಿರಿಯರು ಹೀಗೆ ಹೇಳಿದರೆ ಗ್ಯಾಸ್ ಇರಬೇಕು, ವಯಸ್ಸಾಯಿತು ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಇದು ಗಂಟಲಿನ ಹಿಂಭಾಗದಲ್ಲಿ ಬೆಳೆದ ಚೀಲವೂ ಆಗಿರಬಹುದು. ವೈದ್ಯರು ಇದನ್ನು 'ಝೆಂಕರ್ ಡೈವರ್ಟಿಕ್ಯುಲಮ್' ಎನ್ನುತ್ತಾರೆ. ಈ ಝೆಂಕರ್ ಯಾರು?

ಫ್ರೀಡ್ರಿಕ್ ಆಲ್ಬರ್ಟ್ ಫಾನ್ ಝೆಂಕರ್ ಹುಟ್ಟಿದ್ದು 1825ರಲ್ಲಿ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ವೈದ್ಯಕೀಯ ಓದಿದ ಮೇಲೆ ಅದೇ ಊರಿನ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುವ ರೋಗಶಾಸ್ತ್ರಜ್ಞರಾದರು. 1860ರ ಜನವರಿಯಲ್ಲಿ ಅಲ್ಲಿ ಮನೆಗೆಲಸದ ಯುವತಿಯೊಬ್ಬಳು ತೀರಿಕೊಂಡಳು. ಟೈಫಾಯ್ಡ್ ಎಂದೇ ಎಲ್ಲರೂ ಅಂದುಕೊಂಡಿದ್ದರು. ಝೆಂಕರ್ ಆಕೆಯ ಸ್ನಾಯುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಟ್ರೈಕಿನೆಲ್ಲಾ ಎಂಬ ಹುಳುವಿನ ಮರಿಗಳು. ವಿಚಾರಿಸಿದಾಗ ಆಕೆ ಕೆಲಸ ಮಾಡುತ್ತಿದ್ದ ಮನೆಯಲ್ಲಿ ಹಂದಿ ಕಡಿದಿದ್ದು ತಿಳಿಯಿತು. ಉಳಿದಿದ್ದ ಆ ಮಾಂಸದಲ್ಲೂ ಅದೇ ಹುಳು ಇತ್ತು. ಸರಿಯಾಗಿ ಬೇಯಿಸದ ಹಂದಿಮಾಂಸದಿಂದ ಸಾವೂ ಬರಬಹುದೆಂದು ವೈದ್ಯಲೋಕಕ್ಕೆ ಗೊತ್ತಾಗಿದ್ದು ಹೀಗೆ.

1862ರಲ್ಲಿ ಅವರು ಎರ್ಲಾಂಗೆನ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಹೋದರು. ಗಂಟಲಿನ ಚೀಲವನ್ನು ಮೊದಲು ಕಂಡವರು ಅವರಲ್ಲ. ಸುಮಾರು ನೂರು ವರ್ಷ ಮುಂಚೆಯೇ ಇಂಗ್ಲೆಂಡಿನ ಬ್ರಿಸ್ಟಲ್‌ನ ಸರ್ಜನ್ ಅಬ್ರಹಾಂ ಲಡ್ಲೋ ಅದರ ಬಗ್ಗೆ ಬರೆದಿದ್ದರು. ಹಾಗಾದರೆ ಝೆಂಕರ್ ಮಾಡಿದ್ದೇನು? ಬೇರೆ ಬೇರೆ ವೈದ್ಯರು ಬರೆದಿಟ್ಟ ಪ್ರಕರಣಗಳನ್ನು ತಮ್ಮವುಗಳ ಜೊತೆ ಸೇರಿಸಿ, ಸಹೋದ್ಯೋಗಿ ಝೀಮ್ಸೆನ್ ಜೊತೆ 1877ರಲ್ಲಿ ಪ್ರಕಟಿಸಿದರು. ನುಂಗುವಾಗ ಒಳಗಿನ ಒತ್ತಡವೇ ಗಂಟಲಿನ ಒಳಪದರವನ್ನು ಸ್ನಾಯುವಿನ ದುರ್ಬಲ ಜಾಗದಿಂದ ಹೊರತಳ್ಳುತ್ತದೆ ಎಂದು ವಿವರಿಸಿದರು. ಹೆಸರು ಅವರದೇ ಉಳಿಯಿತು.

ಎಕ್ಸ್‌ರೇ ಬಂದದ್ದು 1895ರಲ್ಲಿ. ಝೆಂಕರ್ ತೀರಿಕೊಂಡದ್ದು 1898ರಲ್ಲಿ. ಹಾಗಾಗಿ ಅವರ ಕಾಲದಲ್ಲಿ ಈ ಚೀಲ ಹೆಚ್ಚಾಗಿ ಕಾಣುತ್ತಿದ್ದುದು ರೋಗಿ ಸತ್ತ ಮೇಲೆ. ಇಂದು ಬೇರಿಯಂ ದ್ರವ ಕುಡಿಸಿ ಎಕ್ಸ್‌ರೇ ತೆಗೆದರೆ ಕೆಲವೇ ನಿಮಿಷಗಳಲ್ಲಿ ಕಾಣುತ್ತದೆ. ಇದು ಹೆಚ್ಚಾಗಿ ಬರುವುದು 60 ದಾಟಿದವರಿಗೆ.

ನಿರ್ಲಕ್ಷಿಸಿದರೆ ಏನಾಗುತ್ತದೆ? ಮಾತ್ರೆಗಳು ಚೀಲದಲ್ಲೇ ಉಳಿಯಬಹುದು, ತೂಕ ಇಳಿಯಬಹುದು. ಮಲಗಿದಾಗ ಚೀಲದಲ್ಲಿದ್ದ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ರಾತ್ರಿ ಕೆಮ್ಮು, ಪದೇ ಪದೇ ನ್ಯುಮೋನಿಯಾ ಇದ್ದರೆ ತಡಮಾಡಬೇಡಿ.

ಚಿಕಿತ್ಸೆ ಏನು? ಯಾವ ಕಷಾಯವೂ, ಯಾವ ಮಾತ್ರೆಯೂ ಈ ಚೀಲವನ್ನು ಮುಚ್ಚುವುದಿಲ್ಲ. ಚೀಲ ಸಣ್ಣದಿದ್ದು ತೊಂದರೆ ಇಲ್ಲದಿದ್ದರೆ ಆಪರೇಷನ್ ಬೇಕಿಲ್ಲ. ತೊಂದರೆ ಇದ್ದರೆ ಎರಡು ದಾರಿಗಳಿವೆ. ಒಂದು, ಕತ್ತಿನಲ್ಲಿ ಕುಯ್ದು ಬಿಗಿಯಾದ ಸ್ನಾಯುವನ್ನು ಕತ್ತರಿಸಿ, ಚೀಲವನ್ನು ತೆಗೆಯುವುದು ಅಥವಾ ಆಹಾರ ತುಂಬದಂತೆ ಮೇಲಕ್ಕೆ ಹೊಲಿಯುವುದು. ಇನ್ನೊಂದು, ಬಾಯಿಯ ಮೂಲಕವೇ ಉಪಕರಣ ಹಾಕಿ ಚೀಲಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯನ್ನು ಕತ್ತರಿಸುವುದು. ಇದರಲ್ಲಿ ಹೊರಗೆ ಗಾಯವಿಲ್ಲ, ಸಾಮಾನ್ಯವಾಗಿ ಬೇಗ ಮನೆಗೆ ಹೋಗಬಹುದು. ಆದರೆ ಕೆಲವರಿಗೆ ತೊಂದರೆ ಮರುಕಳಿಸುತ್ತದೆ. ಅನ್ನನಾಳ ತೂತಾಗುವುದು, ಧ್ವನಿಯ ನರಕ್ಕೆ ಪೆಟ್ಟಾಗುವುದು ಮುಂತಾದ ಅಪಾಯಗಳೂ ಇವೆ. ಯಾವುದು ಸೂಕ್ತ ಎಂಬುದನ್ನು ಇಎನ್‌ಟಿ ಅಥವಾ ಶಸ್ತ್ರಚಿಕಿತ್ಸಾ ತಜ್ಞರು ಚೀಲದ ಗಾತ್ರ ಮತ್ತು ರೋಗಿಯ ಆರೋಗ್ಯ ನೋಡಿ ಹೇಳುತ್ತಾರೆ.

ಒಂದು ಎಚ್ಚರಿಕೆ: ಬೇರೆ ಕಾರಣಕ್ಕೆ ಎಂಡೋಸ್ಕೋಪಿ ಮಾಡಿಸುವಾಗಲೂ ಈ ಲಕ್ಷಣಗಳನ್ನು ಮೊದಲೇ ತಿಳಿಸಿ. ಕೊಳವೆ ಚೀಲದೊಳಗೆ ಹೋದರೆ ತೂತಾಗುವ ಅಪಾಯವಿದೆ.

ನುಂಗಲು ಕಷ್ಟವಾಗುವುದಕ್ಕೆ ಕ್ಯಾನ್ಸರ್ ಸೇರಿದಂತೆ ಬೇರೆ ಕಾರಣಗಳೂ ಇರಬಹುದು. ಟೈಫಾಯ್ಡ್ ಎಂಬ ಸಿದ್ಧ ಉತ್ತರವನ್ನು ಒಪ್ಪದೆ ಝೆಂಕರ್ ಪರೀಕ್ಷಿಸಿ ನೋಡಿದರು. ಮನೆಯ ಹಿರಿಯರ ವಿಷಯದಲ್ಲೂ ವಯಸ್ಸು ಎಂದು ಬಿಡುವ ಮೊದಲು ಒಮ್ಮೆ ಪರೀಕ್ಷೆ ಮಾಡಿಸೋಣ.